ಪರುಷಮಣಿಯ ಕಥೆ ಬರೆದ ಪಾದ್ರಿ

ಕಳೆದ ಸೆಮಿಸ್ಟರ್‌ನಲ್ಲಿ ರಸಾಯನಶಾಸ್ತ್ರದಲ್ಲೇ ಫೇಲಾಗಿ, ಓದು ಬಿಡುವ ಯೋಚನೆಯಲ್ಲಿದ್ದೆ. ಆಗ ಪರಿಚಯವಾದವರು ಯೊಹಾನ್ ವ್ಯಾಲೆಂಟಿನ್ ಆಂಡ್ರೆಯೇ.

1586ರಲ್ಲಿ ಜರ್ಮನಿಯ ಹೆರೆನ್‌ಬರ್ಗ್‌ನಲ್ಲಿ ಹುಟ್ಟಿದ ಅವರು ಹರೆಯದಲ್ಲಿ ಬರೆದ ‘ರಾಸಾಯನಿಕ ವಿವಾಹ’ 1616ರಲ್ಲಿ ಅಚ್ಚಾಯಿತು. ರಾಜನ ಮದುವೆಗೆ ಹೊರಟ ಮುದುಕ ಸಾಧಕನ ಏಳು ದಿನಗಳ ಕಥೆಯದು. ಅದರಲ್ಲಿ ತಲೆ ಕಡಿಸಿಕೊಂಡ ರಾಜ, ರಾಣಿ ರಸವಿದ್ಯೆಯಿಂದ ಮತ್ತೆ ಹುಟ್ಟುತ್ತಾರೆ. ಮನುಷ್ಯ ಒಳಗೇ ಅಳಿದು ಹೊಸಬನಾಗುವುದಕ್ಕೆ ಅದು ರೂಪಕ.

ಮುಂದೆ ಅವರೇ ಅದನ್ನು ಬರೀ ಆಟವೆಂದು ತಳ್ಳಿಹಾಕಿದರು. ಆದರೆ 1634ರಲ್ಲಿ, ಅವರು ಪಾದ್ರಿಯಾಗಿದ್ದ ಕಾಲ್ವ್ ಪಟ್ಟಣ ಯುದ್ಧದಲ್ಲಿ ಸುಟ್ಟುಹೋಯಿತು. ಅವರ ಪುಸ್ತಕಗಳೂ ಬೂದಿಯಾದವು. ಅವರು ನೆರವು ಕೂಡಿಸಿ ನೊಂದವರ ಜೊತೆ ನಿಂತರು. 1654ರಲ್ಲಿ ತೀರಿಕೊಂಡರು.

ಅವರ ಪರುಷಮಣಿ ನನಗೆ ಕಂಡದ್ದು ಆ ಬೂದಿಯಲ್ಲೇ. ಮತ್ತೆ ಪರೀಕ್ಷೆಗೆ ಅರ್ಜಿ ತುಂಬಿದ್ದೇನೆ.