ತಣ್ಣೀರಿಗೆ ಅಂಜದ ಆರತಿ ಸಾಹಾ

ಪುಷ್ಯ ಮಾಸದ ಮುಂಜಾನೆ ಹಿರಣ್ಯಕೇಶಿ ಹೊಳೆಗೆ ಇಳಿದರೆ ನಮ್ಮ ಹಲ್ಲುಗಳು ಕಟಕಟನೆ ಬಡಿದುಕೊಳ್ಳುತ್ತವೆ. ಹೇಗೋ ಎರಡು ಮುಳುಗು ಹಾಕಿ, ದಂಡೆಗೆ ಓಡಿ ಬಂದು, ಬಿಸಿಲಿಗೆ ಮೈಯೊಡ್ಡಿ ನಿಲ್ಲುತ್ತೇವೆ. ಹಾಗಿರುವಾಗ ಪರದೇಶದ ತಣ್ಣನೆಯ ಸಮುದ್ರದಲ್ಲಿ 16 ತಾಸು 20 ನಿಮಿಷ ಈಜಿದ ಭಾರತೀಯ ತರುಣಿಯ ಚರಿತ್ರೆ ನಮ್ಮನ್ನು ಬೆರಗುಗೊಳಿಸದೆ ಇದ್ದೀತೆ? ಆ ಧೀರ ತರುಣಿಯೇ ಆರತಿ ಸಾಹಾ.

ಆರತಿಯವರು 1940ನೆಯ ಇಸವಿ ಸೆಪ್ಟೆಂಬರ್ 24ರಂದು ಕಲಕತ್ತೆಯ ಮಧ್ಯಮ ವರ್ಗದ ಮನೆತನವೊಂದರಲ್ಲಿ ಜನಿಸಿದರು. ಇನ್ನೂ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಅಜ್ಜಿಯೇ ಸಾಕಿ ಬೆಳೆಸಿದರು. ನದಿಯ ಘಾಟಿಗೆ ಸ್ನಾನಕ್ಕೆ ಹೋಗುತ್ತಿದ್ದ ಬಾಲಕಿ ಅಲ್ಲಿಯೇ ಈಜು ಕಲಿತಳು. ಮಗಳ ಆಸಕ್ತಿಯನ್ನು ಕಂಡು ತಂದೆ ಆಕೆಯನ್ನು ಹಾಟ್‌ಖೋಲಾ ಈಜು ಸಂಘಕ್ಕೆ ಸೇರಿಸಿದರು. 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರತದ ಪರವಾಗಿ ಈಜಿದಾಗ ಆರತಿಗೆ ಕೇವಲ 11 ವರ್ಷ!

ಮುಂದೆ ಅವರ ಮನಸ್ಸು ಇಂಗ್ಲಿಷ್ ಕಾಲುವೆಯ ಮೇಲೆ ನೆಟ್ಟಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ನಡುವಿನ ಈ ಸಮುದ್ರ ಅತಿ ಕಿರಿದಾದಲ್ಲಿಯೂ ಸುಮಾರು 33 ಕಿಲೋಮೀಟರ್ ಅಗಲವಿದೆ. ಬೇಸಿಗೆಯ ಕೊನೆಯಲ್ಲಿಯೂ ಅಲ್ಲಿನ ನೀರಿನ ಉಷ್ಣತೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಮಾತ್ರ. ನಮ್ಮ ಮೈಯ ಉಷ್ಣತೆ 37 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಕಾವನ್ನು ಸೆಳೆದುಕೊಳ್ಳುತ್ತದೆ. ಇಳಿದೊಡನೆ ಉಸಿರು ಸಿಕ್ಕಿಕೊಳ್ಳುತ್ತದೆ. ತಾಸುಗಳು ಕಳೆದಂತೆ ಕೈಕಾಲು ಮರಗಟ್ಟುತ್ತವೆ. ಕೊನೆಗೆ ಬುದ್ಧಿಯೂ ಮಂಕಾಗುತ್ತದೆ. ಆದರೂ ಈಜುವವರು ಸಾಮಾನ್ಯ ಈಜುಡುಗೆಯಲ್ಲಿಯೇ ಇರಬೇಕು, ಜೊತೆಯ ದೋಣಿಯನ್ನು ಮುಟ್ಟಬಾರದು ಎಂಬುದು ನಿಯಮ. ದೋಣಿಯಿಂದ ನೀಡುವ ಬಿಸಿ ಪಾನೀಯ, ನಿಲ್ಲದೆ ಬೀಸುವ ಕೈಗಳು, ಹಿಂದೆ ಮಾಡಿದ ಅಭ್ಯಾಸ, ಇಷ್ಟೇ ಅವರಿಗೆ ಆಸರೆ.

ಆರತಿಯವರು ಕಲಕತ್ತೆಯ ದೇಶಬಂಧು ಉದ್ಯಾನದ ಕೊಳದಲ್ಲಿ ಎಡೆಬಿಡದೆ 8 ತಾಸು, ಅನಂತರ 16 ತಾಸು ಈಜಿ ಸಿದ್ಧರಾದರು. ದಮ್ಮು ಬಂತು ನಿಜ. ಆದರೆ ಬಂಗಾಳದ ಬೆಚ್ಚಗಿನ ನೀರು ಚಳಿಯ ಪಾಠವನ್ನು ಹೇಗೆ ಕಲಿಸೀತು? ಅದನ್ನು ಕಲಿಯಲು ಆ ಕಾಲುವೆಗೇ ಇಳಿಯಬೇಕು. 1959ರ ಜುಲೈಯಲ್ಲಿ ಇಂಗ್ಲೆಂಡಿಗೆ ಹೊರಟ ಅವರು ಆಗಸ್ಟಿನಲ್ಲಿ ಅಲ್ಲಿ ಅಭ್ಯಾಸ ಆರಂಭಿಸಿದರು.

ಆಗಸ್ಟ್ 27ರ ಸ್ಪರ್ಧೆಯಲ್ಲಿ ಅವರ ದೋಣಿ ತಡವಾಗಿ ಬಂದುದರಿಂದ ಉಳಿದವರಿಗಿಂತ ಹಿಂದೆ ಹೊರಡಬೇಕಾಯಿತು. ಇಂಗ್ಲೆಂಡಿನ ದಂಡೆ ಹತ್ತಿರವಾದಾಗ ಪ್ರವಾಹ ಎದುರಾಯಿತು. ಎಷ್ಟು ಈಜಿದರೂ ದೂರ ಸರಿಯದು. ಕೊನೆಗೆ ದೋಣಿ ಹತ್ತಲೇಬೇಕಾಯಿತು. ಆದರೆ ಆರತಿ ಊರಿಗೆ ಮರಳಲಿಲ್ಲ. ಮತ್ತೆ ಸಿದ್ಧರಾದರು. ಸೆಪ್ಟೆಂಬರ್ 29ರಂದು ಫ್ರಾನ್ಸಿನ ಗ್ರಿ ನೇ ಭೂಶಿರದಿಂದ ಹೊರಟು, ಸುಮಾರು 42 ಮೈಲು ಈಜಿ, ಇಂಗ್ಲೆಂಡಿನ ಸ್ಯಾಂಡ್‌ಗೇಟ್ ದಂಡೆಯನ್ನು ಮುಟ್ಟಿ ನಮ್ಮ ಧ್ವಜವನ್ನು ಹಾರಿಸಿದರು. 19 ವರ್ಷ ತುಂಬಿ ಅಂದಿಗೆ ಐದೇ ದಿನ. ಆ ಕಾಲುವೆಯನ್ನು ದಾಟಿದ ಏಷ್ಯದ ಮೊದಲ ಮಹಿಳೆ ಅವರೇ. 1960ರಲ್ಲಿ ಭಾರತ ಸರಕಾರ ಪದ್ಮಶ್ರೀ ನೀಡಿ ಗೌರವಿಸಿತು. 1994ರ ಆಗಸ್ಟ್ 23ರಂದು ಕಾಮಾಲೆಯಿಂದ ಅವರು ತೀರಿಕೊಂಡರು. 1999ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ಹೊರಬಂದಿತು.

ಈ ಜೀವನದಿಂದ ನಾವು ಕಲಿಯಬೇಕಾದುದೇನು? ಚಳಿಯೊಡನೆ ಹಟ ಸಾಗದು. ನಾವು ಹೊಳೆಗೋ ಬಾವಿಗೋ ಇಳಿಯುವಾಗ ಈಜು ಬಲ್ಲ ಹಿರಿಯರು ಜೊತೆಗಿರಬೇಕು. ತಟ್ಟನೆ ಧುಮುಕದೆ, ಮೊದಲು ಕೈಕಾಲು, ಮುಖ ತೋಯಿಸಿಕೊಂಡು, ಉಸಿರು ಹತೋಟಿಗೆ ಬಂದ ಮೇಲೆ ಮುಂದೆ ಸಾಗಬೇಕು. ನಡುಕ ಹುಟ್ಟಿದರೆ ಹೊರಬಂದು, ಮೈ ಒರೆಸಿಕೊಂಡು, ಒಣ ಬಟ್ಟೆ ತೊಡಬೇಕು. ದಿನದಿನದ ಅಭ್ಯಾಸದಿಂದ ಮೈ ತಾನಾಗಿ ಒಗ್ಗುತ್ತದೆ.

ಇನ್ನೊಂದು ಪಾಠವೂ ಇದೆ. ಪರೀಕ್ಷೆಯಲ್ಲಿ ಒಮ್ಮೆ ನಪಾಸಾದೊಡನೆ ನಮ್ಮಲ್ಲಿ ಕೆಲವರು ಶಾಲೆಯನ್ನೇ ಬಿಟ್ಟುಬಿಡುತ್ತೇವೆ. ದಂಡೆ ಕಣ್ಣಿಗೆ ಹತ್ತಿರವಿದ್ದೂ ಸೋತ ಆರತಿ, ಒಂದೇ ತಿಂಗಳಲ್ಲಿ ಮತ್ತೆ ಅದೇ ತಣ್ಣೀರಿಗೆ ಇಳಿದರು. ಅವರನ್ನು ನೆನೆದು ನಾವೂ ಇನ್ನೊಮ್ಮೆ ಇಳಿಯೋಣ.