ಹಳೇ ಸ್ಟಿರಿಯೊ ರಿಸೀವರ್ ಕೊಳ್ಳುತ್ತೀರಾ? ಎಫ್‌ಎಂ ಜನಕನ ಕಥೆ ಓದಿ

ಹಳೇ ಜಪಾನ್ ಸ್ಟಿರಿಯೊ ರಿಸೀವರ್ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಕೊಳ್ಳಿ, ತೂಕ ಇದ್ದಷ್ಟೂ ಮಾಲು ಗಟ್ಟಿ ಎನ್ನುವವರಿದ್ದಾರೆ. ತೂಕದ ಮಾತು ಪೂರ್ತಿ ಸುಳ್ಳಲ್ಲ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದರೆ ಪೆಟ್ಟಿಗೆ ಭಾರವಾಗುತ್ತದೆ. ಆದರೆ ರಿಸೀವರ್ ಅಂದರೆ ಬರೀ ಆಂಪ್ಲಿಫೈಯರ್ ಅಲ್ಲ, ಅದರಲ್ಲಿ ರೇಡಿಯೊ ಕೂಡ ಇದೆ. ಏನೂ ಕೆಡದ ರೇಡಿಯೊ ಹೇಗೆ ನಿಷ್ಪ್ರಯೋಜಕವಾಗುತ್ತದೆ ಎಂದು ತಿಳಿಯಲು ನಾವು ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರ ಬದುಕನ್ನು ನೋಡಬೇಕು. ಚಂದ್ರನ ಮೇಲೆ ಕಾಲಿಟ್ಟವರು ನೀಲ್, ಇವರು ಬೇರೆ.

1890ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಎಡ್ವಿನ್ ಹುಡುಗನಾಗಿದ್ದಾಗಲೇ ಮನೆಯ ಬಳಿ ಎತ್ತರದ ಆಂಟೆನಾ ಕಂಬ ನಿಲ್ಲಿಸಿದ್ದರು. 1918ರಲ್ಲಿ, ಮೊದಲ ಮಹಾಯುದ್ಧಕ್ಕೆಂದು ಅಮೆರಿಕ ಸೇನೆಯ ಅಧಿಕಾರಿಯಾಗಿ ಫ್ರಾನ್ಸ್‌ಗೆ ಹೋದಾಗ, ಸೂಪರ್‌ಹೆಟರೊಡೈನ್ ಸರ್ಕ್ಯೂಟ್ ರೂಪಿಸಿದರು. ಯಾವ ಸ್ಟೇಷನ್ ಹಿಡಿದರೂ ಅದರ ಸಿಗ್ನಲನ್ನು ಒಂದೇ ನಿಗದಿತ ಆವರ್ತನಕ್ಕೆ ತಂದು ಅಲ್ಲಿ ಬಲಪಡಿಸುವ ಉಪಾಯ ಅದು. ಹಳೇ ಸ್ಟಿರಿಯೊ ರಿಸೀವರ್‌ನ ಒಳಗಿರುವುದೂ ಇದೇ ಉಪಾಯ. 1923ರಲ್ಲಿ ಮದುವೆಯಾದಾಗ ಹೆಂಡತಿ ಮೇರಿಯನ್‌ಗೆ ಅವರು ಕೊಟ್ಟ ಉಡುಗೊರೆಯೂ ಎತ್ತಿಕೊಂಡು ಹೋಗಬಹುದಾದ ಒಂದು ಸೂಪರ್‌ಹೆಟರೊಡೈನ್ ರೇಡಿಯೊ!

ಆಗಿನ ಎಎಂ ರೇಡಿಯೊದಲ್ಲಿ ಮಿಂಚು ಹೊಡೆದರೆ ಕರಕರ ಸದ್ದು. ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಬದಲಿಸುವ ಬದಲು ಆವರ್ತನವನ್ನೇ ಬದಲಿಸಿ, ಅದಕ್ಕೆ ಅಗಲವಾದ ಜಾಗ ಕೊಟ್ಟರೆ ಕರಕರ ಅಡಗುತ್ತದೆ ಎಂದು ಆರ್ಮ್‌ಸ್ಟ್ರಾಂಗ್ ತೋರಿಸಿದರು. 1933ರಲ್ಲಿ ಪೇಟೆಂಟ್ ಸಿಕ್ಕಿತು. ಸ್ವಂತ ದುಡ್ಡಿನಲ್ಲಿ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಗೋಪುರ ಕಟ್ಟಿಸಿ ಪ್ರಸಾರವನ್ನೂ ಮಾಡಿದರು. ಅಮೆರಿಕದಲ್ಲಿ 42ರಿಂದ 50 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಶುರುವಾಯಿತು, ಜನ ಸೆಟ್ ಕೊಂಡರು.

1945ರಲ್ಲಿ ಸರ್ಕಾರದ ಸಂಪರ್ಕ ಆಯೋಗ ಎಫ್‌ಎಂ ಅನ್ನು 88ರಿಂದ 108 ಮೆಗಾಹರ್ಟ್ಸ್‌ಗೆ ಎತ್ತಿಹಾಕಿತು. ಕೆಲವೇ ವರ್ಷಗಳಲ್ಲಿ ಹಳೇ ಬ್ಯಾಂಡಿನ ಪ್ರಸಾರ ಪೂರ್ತಿ ನಿಂತಿತು. ಲಕ್ಷಗಟ್ಟಲೆ ಸೆಟ್‌ಗಳಲ್ಲಿ ಬಲ್ಬು ಉರಿಯುತ್ತಿತ್ತು, ವಾಲ್ವ್ ಬಿಸಿಯಾಗುತ್ತಿತ್ತು, ಹಿಡಿಯಲು ಸ್ಟೇಷನ್ ಮಾತ್ರ ಇರಲಿಲ್ಲ. ಆಮೇಲೆ ಆರ್‌ಸಿಎ ಕಂಪನಿಯ ಮೇಲೆ ಪೇಟೆಂಟ್ ಮೊಕದ್ದಮೆ ನಡೆಸುತ್ತಲೇ ಅವರ ಹಣ, ಆರೋಗ್ಯ ಎರಡೂ ಕರಗಿದವು. 1954ರ ಜನವರಿ ಕೊನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮೇರಿಯನ್ ಹೋರಾಟ ಬಿಡಲಿಲ್ಲ. ಕೊನೆಯ ಮೊಕದ್ದಮೆ ಗೆದ್ದದ್ದು 1967ರಲ್ಲಿ. ಎಫ್‌ಎಂ ಸ್ಟಿರಿಯೊ ಪ್ರಸಾರ ಆರಂಭವಾದದ್ದೇ 1961ರಲ್ಲಿ, ಅದನ್ನು ಕೇಳಲು ಎಡ್ವಿನ್ ಇರಲಿಲ್ಲ.

ಈಗ ಆ ಜಪಾನ್ ರಿಸೀವರ್‌ಗೆ ಬರೋಣ. ಜಪಾನಿನೊಳಗಿನ ಮಾರಾಟಕ್ಕೆ ಮಾಡಿದ ಹಳೇ ಸೆಟ್‌ಗಳ ಡಯಲ್ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ಬೆಂಗಳೂರಿನ ವಿವಿಧಭಾರತಿ ಇರುವುದು 102.9ರಲ್ಲಿ. ಎಷ್ಟು ತಿರುಗಿಸಿದರೂ ಬಾರದು. ಅವು 100 ವೋಲ್ಟ್‌ಗೆ ಮಾಡಿದವು ಕೂಡ, ನಮ್ಮ 230 ವೋಲ್ಟ್‌ಗೆ ನೇರ ಸಿಕ್ಕಿಸಿದರೆ ಸುಟ್ಟೇಹೋಗುತ್ತವೆ. ಅದೇ ಕಂಪನಿಗಳು ಹೊರದೇಶಕ್ಕೆಂದು ಮಾಡಿದ ಮಾಡೆಲ್‌ಗಳಲ್ಲಿ 88–108 ಇರುತ್ತದೆ. ಹಾಗಾಗಿ ತೂಕ ನೋಡುವ ಮೊದಲು ಡಯಲ್ ಮೇಲಿನ ಅಂಕಿ, ಹಿಂಬದಿಯ ವೋಲ್ಟೇಜ್ ಓದಿ. ಆಮೇಲೆ ಒಂದು ಸ್ಟೇಷನ್ ಹಿಡಿದು, ಸ್ಟಿರಿಯೊ ದೀಪ ಹತ್ತುತ್ತದೆಯೇ, ಎರಡೂ ಸ್ಪೀಕರ್‌ನಲ್ಲಿ ಧ್ವನಿ ಸಮನಾಗಿ ಬರುತ್ತದೆಯೇ ನೋಡಿ. ಫೋನ್ ಸಿಕ್ಕಿಸಿ ಹಾಡು ಕೇಳುವುದಷ್ಟೇ ನಿಮ್ಮ ಉದ್ದೇಶವಾದರೆ 76–90ರ ಡಯಲ್ ಇದ್ದರೂ ನಡೆಯುತ್ತದೆ, ಆದರೆ ಹಿಡಿಯದ ರೇಡಿಯೊಗೂ ಸೇರಿಸಿ ಬೆಲೆ ಕೇಳಿದರೆ ಚೌಕಾಸಿ ಮಾಡಿ.