ಕಲ್ಲಿದ್ದಲಿನ ಪಟ್ಟೆಗಳಿಗೆ ಹೆಸರಿಟ್ಟ ವಿದುಷಿ

ಕಲ್ಲಿದ್ದಲನ್ನು ಒಡೆದು ಒಲೆಗೆ ಹಾಕಿದವರು ಬಲ್ಲರು: ಒಂದೇ ಹೆಂಟೆಯಲ್ಲಿ ಒಂದು ಪಟ್ಟೆ ಸಣ್ಣ ಪೆಟ್ಟಿಗೇ ಚೂರಾಗುತ್ತದೆ, ಮತ್ತೊಂದು ಸುತ್ತಿಗೆಗೂ ಸುಲಭವಾಗಿ ಜಗ್ಗದು, ಇನ್ನೊಂದು ಮುಟ್ಟಿದೊಡನೆ ಕೈಗೆ ಮಸಿ ಬಳಿಯುತ್ತದೆ. ಕೈಯರಿತ ಈ ಭೇದವನ್ನು ಶಾಸ್ತ್ರದ ಮಾತಿಗೆ ತಂದವರು ಬ್ರಿಟನ್ನಿನ ಮೇರಿ ಸ್ಟೋಪ್ಸ್. ಸಂತಾನ ನಿಯಂತ್ರಣದ ಪ್ರಚಾರಕಿಯೆಂದು ಜಗತ್ತು ಬಲ್ಲ ಈಕೆ ಮೊದಲು ಕಲ್ಲಿದ್ದಲಿನ ವಿಜ್ಞಾನಿಯೆಂಬುದನ್ನರಿತು ನಾವೂ ಬೆರಗಾದೆವು.

1880ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಮೇರಿ ಲಂಡನ್ನಿನಲ್ಲಿ ಓದಿ, 1904ರಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾದರು. ಅಲ್ಲಿನ ವಿಜ್ಞಾನ ಬೋಧಕವರ್ಗದಲ್ಲಿ ಅವರೇ ಮೊದಲ ಮಹಿಳೆ. ಕಲ್ಲಿದ್ದಲ ಪದರಗಳೊಳಗೆ ಸುಣ್ಣದಂಶ ತುಂಬಿ ಗಟ್ಟಿಯಾದ ಗುಂಡುಗಳು ದೊರೆಯುವುದುಂಟು. ಅವುಗಳನ್ನು ಬೆಳಕು ಹಾಯುವಷ್ಟು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಡಿಯಿಟ್ಟರೆ, 30 ಕೋಟಿ ವರ್ಷಗಳಿಗೂ ಹಿಂದಿನ ಗಿಡಗಳ ಜೀವಕೋಶಗಳು ಕಾಣುತ್ತವೆ. ಮೇರಿಯ ಕಣ್ಣು ಪಳಗಿದ್ದು ಇಲ್ಲಿಯೇ.

ಆಗ ಬ್ರಿಟನ್ನಿನ ರೈಲು, ಹಡಗು, ಗಿರಣಿಗಳೆಲ್ಲ ಕಲ್ಲಿದ್ದಲನ್ನೇ ನಂಬಿದ್ದವು. ಆದರೂ ಹೆಂಟೆಯೊಳಗೆ ಏನೇನಿದೆಯೆಂಬುದನ್ನು ಹೇಳಲು ಎಲ್ಲರೂ ಒಪ್ಪುವ ಮಾತುಗಳಿರಲಿಲ್ಲ. 1919ರಲ್ಲಿ ಮೇರಿ ನಾಲ್ಕು ಹೆಸರುಗಳನ್ನಿತ್ತರು. ಗಾಜಿನಂತೆ ಹೊಳೆದು, ಗಾಜಿನಂತೆಯೇ ಬಿರಿಯುವುದು ವಿಟ್ರೇನ್. ರೇಷ್ಮೆಯ ಹೊಳಪಿನ, ಎಳೆಯೆಳೆಯಾದ ಪಟ್ಟೆ ಕ್ಲಾರೇನ್. ಮಂಕಾದ, ಒಡೆದರೆ ತರಿತರಿಯಾಗಿ ಕಾಣುವ ಗಟ್ಟಿ ಪಟ್ಟೆ ಡ್ಯೂರೇನ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ಪ್ರಾಚೀನ ಸಸ್ಯಗಳ ಬೀಜಕಣಗಳು. ಕೈಗೆ ಮಸಿ ಬಳಿಯುವುದು ಫ್ಯೂಸೇನ್. ಮರದ ಇದ್ದಿಲಿನಂತೆ ಅದರಲ್ಲಿ ಕೋಶಗಳ ಗೋಡೆಗಳು ಮಾತ್ರ ಉಳಿದು, ನಡುವೆಲ್ಲ ಟೊಳ್ಳು. ಅದು ಅಷ್ಟು ಬೇಗ ಪುಡಿಯಾಗುವುದೂ ಅದರಿಂದಲೇ.

ಇದು ಬರಿಯ ನಾಮಕರಣವಲ್ಲ. ಉಕ್ಕಿನ ಕುಲುಮೆಗೆ ಕೋಕ್ ಬೇಕು. ತಕ್ಕ ಕಲ್ಲಿದ್ದಲಾದರೆ ಅದರ ಹೊಳೆಯುವ ಪಟ್ಟೆಗಳು ಕಾಯಿಸಿದಾಗ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಫ್ಯೂಸೇನ್ ಅಂಟುವುದಿಲ್ಲ. ಯಾವ ಗಣಿಯ ಮಾಲು ಯಾವ ಕೆಲಸಕ್ಕೆಂದು ನಿರ್ಧರಿಸಲು ಈ ವಿಂಗಡಣೆ ಬೇಕೇಬೇಕು.

ಇಷ್ಟರಲ್ಲಿ ಕೀರ್ತಿ ಬೇರೆ ದಾರಿಯಿಂದ ಬಂದಿತ್ತು. 1918ರಲ್ಲಿ ದಾಂಪತ್ಯವನ್ನು ಕುರಿತ ಅವರ ಗ್ರಂಥ ಭಾರಿ ಗದ್ದಲವೆಬ್ಬಿಸಿತು; 1921ರಲ್ಲಿ ಲಂಡನ್ನಿನಲ್ಲಿ ಬಡ ತಾಯಂದಿರಿಗಾಗಿ ಉಚಿತ ಚಿಕಿತ್ಸಾಲಯ ತೆರೆದರು. ಯಾರು ಮಕ್ಕಳನ್ನು ಹಡೆಯಬೇಕು, ಯಾರು ಕೂಡದೆಂದು ವಿಂಗಡಿಸುವ ಅವರ ವಂಶಶುದ್ಧಿಯ ವಾದವನ್ನು ಮಾತ್ರ ನಾವು ಒಪ್ಪಲಾರೆವು. ಮನುಷ್ಯರು ಕಲ್ಲಿದ್ದಲ ಪಟ್ಟೆಗಳಲ್ಲ.

ಈ ಗದ್ದಲದ ನಡುವೆಯೂ ಹಳೆಯ ಕೆಲಸ ಬಿಡಲಿಲ್ಲ. 1935ರಲ್ಲಿ, ಸೂಕ್ಷ್ಮದರ್ಶಕದಡಿ ಕಾಣುವ ಕಲ್ಲಿದ್ದಲಿನ ಘಟಕಗಳಿಗೆ ಮ್ಯಾಸೆರಲ್ ಎಂಬ ಹೊಸ ಪದವನ್ನು ಸೂಚಿಸಿದರು. ಮೇರಿ ತೀರಿಕೊಂಡದ್ದು 1958ರಲ್ಲಿ. ಕಲ್ಲಿದ್ದಲನ್ನು ಪರೀಕ್ಷಿಸುವವರು ಆ ಪದವನ್ನು ಇಂದಿಗೂ ಬಳಸುತ್ತಾರೆ.